ಮಳೆ ನಿಂತ ಮೇಲಿನ ನೀರು

ಜಲಪಾತ ನೋಡುವುದಿದ್ದರೆ ಆಷಾಢದಲ್ಲೇ ನೋಡಬೇಕು ಎನ್ನುವವರೇ ಹೆಚ್ಚು. ಜುಲೈ ಬಂತೆಂದರೆ ಸಾಕು, ಜೋಗಕ್ಕೆ ನೀರು ಬಂತಾ, ಮಾಗೋಡು ಹೇಗಿದೆ, ಸಾತೊಡ್ಡಿಗೆ ದಾರಿ ಬಿಟ್ಟಿದ್ದಾರಾ ಎಂದು ಫೋನುಗಳು ಶುರುವಾಗುತ್ತವೆ. ಆ ತಿಂಗಳಲ್ಲಿ ಘಟ್ಟದ ಬಂಡೆಬಂಡೆಯೂ ಜಲಪಾತವೇ. ರಸ್ತೆ ಬದಿಯ ಧರೆಯಿಂದಲೂ ನೀರು ಧುಮುಕುತ್ತಿರುತ್ತದೆ. ಅದರ ಚಂದದ ಬಗ್ಗೆ ಎರಡು ಮಾತಿಲ್ಲ. ಆದರೆ ಆಗ ನಾವು ನೋಡುವುದು ಮಳೆಯನ್ನು. ನಿನ್ನೆ ಮೋಡದಲ್ಲಿದ್ದದ್ದು ಇವತ್ತು ಕಣಿವೆಗೆ ಬಿತ್ತು, ಅಷ್ಟೆ. ನನ್ನ ಮನಸ್ಸು ತುಂಬುವುದು ಕಾರ್ತಿಕದ ಜಲಪಾತದಿಂದ. ದೊಡ್ಡಹಬ್ಬ ದೀಪಾವಳಿ ಮುಗಿದಿರುತ್ತದೆ, ಗದ್ದೆಯಲ್ಲಿ ಭತ್ತ ಹಣ್ಣಾಗಿರುತ್ತದೆ, ಅಡಿಕೆ ಕೊಯ್ಲಿಗೆ ಅಂಗಳ ಸಿದ್ಧವಾಗುತ್ತಿರುತ್ತದೆ. ಹುಡುಕಿದರೂ ಆಕಾಶದಲ್ಲಿ ಮೋಡದ ತುಣುಕಿಲ್ಲ. ಆದರೂ ಹೊಳೆ ಧುಮುಕುತ್ತಲೇ ಇದೆ. ಆ ನೀರು ಎಲ್ಲಿಂದ ಬಂತು? ಈ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ಕಾಡಿನಲ್ಲಿ ನಡೆದರೆ ಮಾತ್ರ ಜಲಪಾತವನ್ನು ಪೂರ್ತಿ ನೋಡಿದಂತಾಗುತ್ತದೆ ಎಂದು ನಾನು ನಂಬಿದ್ದೇನೆ.

ನಮ್ಮದೊಂದು ಸಣ್ಣ ತಂಡವಿದೆ. ಬೆಂಗಳೂರಿನ ಒಂದು ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ನಡಿಗೆಯಲ್ಲಿ ಪರಿಚಯವಾದವರು. ಬ್ಯಾಂಕಿನವರೊಬ್ಬರು, ಹೈಸ್ಕೂಲಿನ ಟೀಚರು, ಅವರ ಕಾಲೇಜು ಓದುವ ಮಗಳು, ಸಾಫ್ಟ್‌ವೇರ್ ಕೆಲಸದ ಇಬ್ಬರು ಹುಡುಗರು, ಮತ್ತು ಕುಡಿಯುವ ನೀರಿನ ಪಂಪಿಂಗ್ ಕೆಲಸದಲ್ಲೇ ತಲೆ ನರೆಸಿಕೊಂಡು ನಿವೃತ್ತರಾದ ಒಬ್ಬ ಎಂಜಿನಿಯರು. ಅವರನ್ನು ನಾವೆಲ್ಲ ‘ಸರ್’ ಎಂದೇ ಕರೆಯುವುದು. ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಶನಿವಾರ ಬೆಳಿಗ್ಗೆ ಹಳಿ ಮುಗಿಯುವ ಕಡೆ ಇಳಿಸುತ್ತದೆ. ತಾಳಗುಪ್ಪದಿಂದ ಮುಂದೆ ರೈಲಿಲ್ಲ, ಬರೀ ಘಟ್ಟ. ಅಲ್ಲಿಂದ ಸಿದ್ದಾಪುರ ಹತ್ತಿರ. ಭಾನುವಾರ ರಾತ್ರಿ ಅದೇ ಹಳಿಯ ಮೇಲೆ ವಾಪಸು ಹೊರಟರೆ ಸೋಮವಾರ ಎಲ್ಲರೂ ತಂತಮ್ಮ ಕೆಲಸಕ್ಕೆ. ಎರಡು ಹಗಲು, ನಡುವೆ ಒಂದು ರಾತ್ರಿ. ಅಷ್ಟರಲ್ಲಿ ಎರಡು ಜಲಪಾತ. ಒಂದು ಉಂಚಳ್ಳಿ, ಎಲ್ಲರಿಗೂ ಗೊತ್ತಿರುವುದು. ಇನ್ನೊಂದರ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯಬೇಡಿ ಎಂದು ಆ ಊರಿನವರು ಕೇಳಿಕೊಂಡಿದ್ದಾರೆ. ಅದಕ್ಕೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ನಾವು ಉಳಿದುಕೊಂಡದ್ದು ಅಡಿಕೆ ತೋಟದ ಮೇಲಿನ ಒಂದು ಮನೆಯಲ್ಲಿ. ಚಪ್ಪಲಿ ಬಿಡುವ ಮೊದಲೇ “ಬನ್ನಿ ಬನ್ನಿ, ಆಸ್ರಿಗೆ ಎಂತ ಬೇಕು?” ಎಂಬ ಉಪಚಾರ. ಜೋನಿಬೆಲ್ಲ ಹಚ್ಚಿದ ತೆಳ್ಳೇವು, ಬಿಸಿಬಿಸಿ ಕಷಾಯ. ಹಿತ್ತಲಿಗೆ ಕೈ ತೊಳೆಯಲು ಹೋದ ಸರ್ ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಕಲ್ಲಿನ ಬಾನಿಯ ಮುಂದೆ ನಿಂತಿದ್ದಾರೆ. ಬೆಟ್ಟದ ಕಡೆಯಿಂದ ಇಳಿದು ಬಂದ ಪೈಪಿನ ಬಾಯಿಂದ ನೀರು ಬಾನಿಗೆ ಬೀಳುತ್ತಿದೆ, ತುಂಬಿ ತೋಟದ ಕಾದಿಗೆಗೆ ಹರಿಯುತ್ತಿದೆ. ನಲ್ಲಿಯಿಲ್ಲ, ನಿಲ್ಲಿಸುವ ತಿರುಪಿಲ್ಲ, ಪಂಪಿನ ಸದ್ದಿಲ್ಲ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿದ್ದ ಅಬ್ಬಿ, ಅಂದರೆ ಬೆಟ್ಟದ ಒರತೆಯ ನೀರು ಈಗ ಪೈಪಿನಲ್ಲಿ ಬರುತ್ತಿದೆ, ಬದಲಾಗಿದ್ದು ಅಷ್ಟೇ.

ಸರ್ ಅವರ ಅಚ್ಚರಿ ನನಗೆ ಅರ್ಥವಾಯಿತು. ಬೆಂಗಳೂರಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬರಬೇಕು, ಬರುವ ದಾರಿಯಲ್ಲಿ ಸುಮಾರು 500 ಮೀಟರ್ ಮೇಲೇರಬೇಕು. ಹಗಲು ರಾತ್ರಿ ಪಂಪು ಓಡಬೇಕು. ಒಂದು ದಿನ ಕರೆಂಟು ಕೈಕೊಟ್ಟರೆ ಊರೆಲ್ಲ ಟ್ಯಾಂಕರಿನ ಹಿಂದೆ. ಆ ಕೆಲಸದಲ್ಲೇ ಜನ್ಮ ಕಳೆದವರು ಮನೆಯ ಯಜಮಾನರನ್ನು ಕೇಳಿದರು: “ಇದರ ಟ್ಯಾಂಕು ಎಲ್ಲಿದೆ?”

“ಟ್ಯಾಂಕು ಎಂತದೂ ಇಲ್ಲೆ ಮಾರಾಯ್ರೆ. ಬೆಟ್ಟದಲ್ಲಿ ಅಬ್ಬಿ ಇದ್ದು. ಅಜ್ಜನ ಕಾಲದಿಂದ ಹೀಂಗೇ ಬತ್ತಾ ಇದ್ದು.”

“ಬೇಸಿಗೆಯಲ್ಲಿ?”

“ಸಣ್ಣ ಆಗ್ತು. ನಿಂತಿದ್ದು ನಾ ಕಂಡಿದ್ದಿಲ್ಲೆ.”

ಸರ್ ಮುಖದಲ್ಲಿ ಸಮಾಧಾನವಿರಲಿಲ್ಲ. ಲೆಕ್ಕ ಬಲ್ಲವರು ಅವರು. ವರ್ಷವಿಡೀ ನಿಲ್ಲದೆ ನೀರು ಬರಬೇಕಾದರೆ ಅದು ಎಲ್ಲೋ ಸಂಗ್ರಹವಾಗಿರಲೇಬೇಕು. ಘಟ್ಟದ ಅಂಚಿನ ಈ ಸೀಮೆಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳ ನೀರನ್ನು ಹಿಡಿದಿಟ್ಟುಕೊಂಡಿರುವುದು ಏನು? ಅವರ ಆ ಪ್ರಶ್ನೆ ಎರಡು ದಿನವೂ ನಮ್ಮ ಜೊತೆ ನಡೆಯಿತು.

ನಮ್ಮನ್ನು ಕರೆದೊಯ್ಯಲು ಬಂದವರು ಊರಿನ ಕೊನೆಗೌಡರೊಬ್ಬರು. ಕೊನೆ ಕೊಯ್ಯುವ, ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಯುವ ಕಸುಬಿನವರು. ಒಂದು ಮರದ ತುದಿಯಿಂದ ಮರವನ್ನೇ ಬಾಗಿಸಿ ಇನ್ನೊಂದಕ್ಕೆ ದಾಟುವವರಿಗೆ ನೆಲದ ಮೇಲಿನ ಕಾಡುದಾರಿ ಎಷ್ಟರ ಲೆಕ್ಕ! ಅವರನ್ನು ನಾವು ಅಣ್ಣ ಎಂದೆವು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿದ್ದೆವು. ಅದರ ಮೇಲೆ ಅಣ್ಣನ ಕಟ್ಟಳೆಗಳು ಬೇರೆ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ಅವರನ್ನು ಹಿಂದೆ ಹಾಕುವಂತಿಲ್ಲ. ಹಾಡಿನ ಡಬ್ಬಿ ಬೇಡ. ಹೊಳೆಯಲ್ಲಿ ಸೋಪು, ಶಾಂಪೂ ಬೇಡ; ಮೈಗೆ ಕ್ರೀಮು ಹಚ್ಚಿಕೊಂಡಿದ್ದರೆ ನೀರಿಗಿಳಿಯುವುದೂ ಬೇಡ. ಹೊಳೆಯ ಕಲ್ಲನ್ನು ಎತ್ತಬಾರದು, ಹೊರಳಿಸಬಾರದು. “ಕಲ್ಲಿನ ಅಡಿಗೆ ಸಂಸಾರ ಇರ್ತದೆ” ಎಂದರು. ಉಂಬಳದ, ಅಂದರೆ ಜಿಗಣೆಯ ಭಯವಿದ್ದವರ ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಸವರಿದರು. ನವೆಂಬರಿನಲ್ಲಿ ಅವುಗಳ ಕಾಟ ಕಡಿಮೆ, ಆದರೂ ನೆರಳಿನ ಜಾಗದಲ್ಲಿ ಇದ್ದೇ ಇರುತ್ತವೆ.

ಸೊಪ್ಪಿನ ಬೆಟ್ಟ ದಾಟಿದ ಮೇಲೆ ಕಾನು ಶುರುವಾಯಿತು. ಬೆಟ್ಟದಲ್ಲಿ ಸೊಪ್ಪು ಕಡಿದ ಮರಗಳು ಮೋಟಾಗಿ, ನಡುವೆ ಬಿಸಿಲು ಬೀಳುತ್ತಿರುತ್ತದೆ. ಕಾನಿನೊಳಗೆ ಹೆಜ್ಜೆಯಿಟ್ಟೊಡನೆ ಬೆವರು ಆರುತ್ತದೆ. ಮೇಲೆ ಮರಗಳ ನೆತ್ತಿ ಒಂದಕ್ಕೊಂದು ಹೆಣೆದುಕೊಂಡು ಹಗಲಿಗೆ ತಡೆ ಹಾಕಿದೆ. ಕೆಳಗೆ ಬೆತ್ತದ ಹಿಂಡಲು, ಕಾಡುಮೆಣಸಿನ ಬಳ್ಳಿ, ಉಪ್ಪಾಗೆ, ಮುರುಗಲು. ಎಲ್ಲೋ ಮೇಲೆ ಮಂಗಟ್ಟೆಯೊಂದು ಹಾರಿತು. ಅದು ಕಾಣಲಿಲ್ಲ, ರೆಕ್ಕೆಯ ಭಾರವಾದ ಸದ್ದು ಮಾತ್ರ ಕೊಡಿಯಿಂದ ಕೊಡಿಗೆ ದಾಟಿತು.

ಒಂದು ಕಡೆ ಅಣ್ಣ ಕೂತರು, ನಮ್ಮನ್ನೂ ಕೂರಿಸಿದರು. ಉದುರೆಲೆಯ ದರಕಿನ ಮೇಲೆ ಕೈಯಿಟ್ಟು ನಿಧಾನವಾಗಿ ಸರಿಸತೊಡಗಿದರು. ಮೇಲಿನ ಎಲೆಗಳು ಒಣಗಿ ಗರಿಗರಿಯಾಗಿದ್ದವು. ಅದರಡಿಯ ಪದರಕ್ಕೆ ಬಣ್ಣ ಕಂದು, ಬಾಗಿಸಿದರೆ ಮುರಿಯದು, ಬಾಗುತ್ತದೆ. ಅದರ ಕೆಳಗಿನದಕ್ಕೆ ಎಲೆಯ ಆಕಾರವೇ ಇಲ್ಲ; ನರಗಳ ಜಾಲರಿ ಮಾತ್ರ ಉಳಿದಿದೆ, ಬಿಳಿ ಬೂಷ್ಟಿನ ಎಳೆಗಳು ಅದನ್ನು ಹಿಡಿದುಕೊಂಡಿವೆ. ಅದಕ್ಕೂ ಕೆಳಗೆ ಕಪ್ಪು ಮಣ್ಣು. ಅದರಲ್ಲಿ ಕೂದಲೆಳೆಗಿಂತ ತೆಳುವಾದ ಬೇರುಗಳು ಎಲ್ಲ ದಿಕ್ಕಿಗೂ ಓಡಿವೆ. ಅಣ್ಣ ಆ ಮಣ್ಣನ್ನು ಒಂದು ಹಿಡಿ ತೆಗೆದು ಸರ್ ಅವರ ಅಂಗೈಗೆ ಹಾಕಿ, “ಹಿಂಡಿ” ಎಂದರು. ಸರ್ ಹಿಂಡಿದರು. ಮಳೆ ನಿಂತು ವಾರಗಳು ಕಳೆದಿದ್ದವು, ಆದರೂ ಬೆರಳ ಸಂದಿಯಿಂದ ನೀರು ಇಳಿದು ಮುಂಗೈ ತಲುಪಿತು. ಯಾರೂ ಮಾತಾಡಲಿಲ್ಲ. ಅಣ್ಣ ಮಣ್ಣನ್ನು ಅಲ್ಲೇ ಹಾಕಿಸಿ, ದರಕನ್ನು ಪದರಕ್ಕೆ ಪದರ ಮೊದಲಿನ ಹಾಗೇ ಮುಚ್ಚಿದರು.

ನೀರಿನ ಲೆಕ್ಕ ಶುರುವಾಗುವುದು ಅಲ್ಲಿಂದ. ಬೋಳು ಗುಡ್ಡದ ಮೇಲೆ ಬಿದ್ದ ಮಳೆ ಮಣ್ಣನ್ನು ಹೊತ್ತುಕೊಂಡು ಅದೇ ದಿನ ಹೊಳೆ ಸೇರುತ್ತದೆ. ಕಾನಿನಲ್ಲಿ ಹನಿ ಮೊದಲು ಎಲೆಯ ಮೇಲೆ ಬೀಳುತ್ತದೆ, ಅಲ್ಲಿಂದ ಕೆಳಗಿನ ಎಲೆಗೆ, ಕಾಂಡಕ್ಕೆ, ಕೊನೆಗೆ ದರಕಿಗೆ. ನೆಲ ಮುಟ್ಟುವಷ್ಟರಲ್ಲಿ ಅದರ ರಭಸ ಇಳಿದಿರುತ್ತದೆ. ಸತ್ತ ಬೇರುಗಳು ಬಿಟ್ಟುಹೋದ ಸಂದಿಗಳು, ಎರೆಹುಳು ಕೊರೆದ ಬಿಲಗಳು, ಅಡಿಯ ಜಂಬಿಟ್ಟಿಗೆ ಕಲ್ಲಿನ ತೂತುಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ. ಅಲ್ಲಿಂದ ಅದು ಹೊರಬರಲು ವಾರಗಳೂ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಎಂ.ಡಿ. ಸುಭಾಷ್ ಚಂದ್ರನ್, ಟಿ.ವಿ. ರಾಮಚಂದ್ರ ಮೊದಲಾದವರು ಇದೇ ಜಿಲ್ಲೆಯ ಹೊಳೆಗಳನ್ನು ವರ್ಷಗಟ್ಟಲೆ ನೋಡಿ ಹೇಳಿದ್ದೂ ಇದನ್ನೇ. ನೆಲದ ಸ್ವಂತ ಮರಗಳ ಕಾಡು ದಟ್ಟವಾಗಿ ಉಳಿದ ಕಡೆ ಹಳ್ಳ ಹನ್ನೆರಡೂ ತಿಂಗಳು ಹರಿಯುತ್ತದೆ. ಕಾಡು ಹೋಗಿ ಒಂದೇ ಜಾತಿಯ ನೆಡುತೋಪು ಬಂದ ಕಡೆ ಬೇಸಿಗೆಗೆ ಮುಂಚೆಯೇ ಬತ್ತುತ್ತದೆ.

ಇನ್ನೂ ಕೆಳಗಿಳಿದಾಗ ಜಡ್ಡಿ ಸಿಕ್ಕಿತು. ರಾಮಪತ್ರೆಯ ಜಡ್ಡಿ. ಎರಡು ಗುಡ್ಡಗಳ ನಡುವಿನ ಸಮತಟ್ಟಿನಲ್ಲಿ ಹಳ್ಳ ತನ್ನ ಪಾತ್ರ ಬಿಟ್ಟು ಅಗಲಕ್ಕೆ ಹರಡಿಕೊಂಡಿದೆ. ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗದಷ್ಟು ನಿಧಾನ. ಅದರ ನಡುವೆ ನೇರವಾಗಿ ಎದ್ದ ಮರಗಳು. ಬುಡದಿಂದ ಆಳೆತ್ತರದಲ್ಲೇ ಕಾಂಡದಿಂದ ಬೇರುಗಳು ಹೊರಟು ಸುತ್ತಲೂ ಊರಿಕೊಂಡು ಮರವನ್ನು ಎತ್ತಿ ಹಿಡಿದಿವೆ. ಇನ್ನು ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೇ ಹೋಗಿದೆ. ಸದಾ ನೀರಲ್ಲಿ ಮುಳುಗಿದ ಮಣ್ಣಿನಲ್ಲಿ ಗಾಳಿಯಿಲ್ಲ. ಆ ಬಾಗಿದ ಗಂಟುಗಳ ಮೂಲಕ ಬೇರು ಉಸಿರಾಡುತ್ತದೆ. ಇಂಥ ಜಡ್ಡಿಗಳಲ್ಲಿ ಹೆಸರಾದದ್ದು ಹೊನ್ನಾವರ ರಸ್ತೆಯ ಕತ್ತಲೆಕಾನು. ವಿಜ್ಞಾನ 2000ದಲ್ಲಿ ಮೊದಲ ಸಲ ಗುರುತಿಸಿದ ಒಂದು ಕಾಡುಗೇರಿನ ಜಾತಿಗೆ ಆ ಜಾಗದ ಹೆಸರನ್ನೇ ಇಟ್ಟಿದ್ದಾರೆ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು. ಅಳಿವಿನ ಅಂಚಿನಲ್ಲಿರುವ ಮರ ಅದು. ಸಮತಟ್ಟು ಜಾಗ, ಬತ್ತದ ನೀರು ಎರಡೂ ಇರುವಲ್ಲಿ ಮನುಷ್ಯನಿಗೆ ಕಾಣುವುದು ಗದ್ದೆ, ತೋಟ. ಹಾಗೆ ಎಷ್ಟೋ ಜಡ್ಡಿಗಳು ತೋಟಗಳಾಗಿವೆ. ಉಳಿದವುಗಳಲ್ಲಿ ಹಲವು ದೇವರ ಕಾಡೆಂಬ ಕಾರಣಕ್ಕೆ ಉಳಿದಿವೆ.

ಅಣ್ಣ ಜಡ್ಡಿಯೊಳಗೆ ಕಾಲಿಡಗೊಡಲಿಲ್ಲ. ಈ ಮರಗಳ ಬೀಜಕ್ಕೆ ಒಣಗಿ ಕಾಯುವ ಗುಣವಿಲ್ಲ. ಬಿದ್ದ ಕೆಲದಿನಗಳಲ್ಲೇ ತೇವದಲ್ಲಿ ಮೊಳೆಯಬೇಕು, ಇಲ್ಲವಾದರೆ ಸತ್ತೇಹೋಗುತ್ತದೆ. ನಾವು ತುಳಿದರೆ ಸಾಯುವುದು ನಾಳಿನ ಮರ. ದಂಡೆಯಲ್ಲೇ ನಿಂತೆವು. ಅಣ್ಣ ಸರ್ ಕಡೆ ತಿರುಗಿ, “ನೀವು ಬೆಳಿಗ್ಗೆ ಕೇಳಿದ್ರಲ್ಲ, ಇದೇ ಟ್ಯಾಂಕು” ಎಂದರು. ಸರ್ ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, “ಹೂಳು ತೆಗೆಯುವ ಖರ್ಚಿಲ್ಲ, ಗೋಡೆ ಸೋರುವ ಭಯವಿಲ್ಲ. ಇದಕ್ಕೆ ಬೇಕಾದ ನಿರ್ವಹಣೆ ಒಂದೇ, ಮುಟ್ಟದೆ ಇರುವುದು” ಎಂದರು. ಎಂಜಿನಿಯರೊಬ್ಬರು ಕಾಡಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಅದು ಎಂದು ನನಗನ್ನಿಸಿತು.

ಜಡ್ಡಿಯ ಕೆಳಗೆ ನೀರು ಮತ್ತೆ ಒಟ್ಟಾಗಿ ಹಳ್ಳವಾಯಿತು. ಹಳ್ಳದ ಹಾದಿಯಲ್ಲೇ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಸಾಗಿದೆವು. ಇನ್ನೂ ಕಾಣದ ಜಲಪಾತದ ಮೊರೆತ ಮಾತ್ರ ಕೇಳುತ್ತಿತ್ತು. ಅಷ್ಟರಲ್ಲಿ ಟೀಚರ ಮಗಳು ಅಮ್ಮನ ತೋಳು ಹಿಡಿದು ನಿಲ್ಲಿಸಿದಳು. ಅವಳ ಬೆರಳು ತೋರಿಸಿದ ಕಡೆ ಒಂದು ಒದ್ದೆ ಬಂಡೆ, ಅದರ ಮೇಲೆ ಬಂಡೆಯದೇ ಬಣ್ಣದ ಒಂದು ಪುಟ್ಟ ಕಪ್ಪೆ. ಹೆಬ್ಬೆರಳ ಮೇಲಿನ ಗೆಣ್ಣಿನಷ್ಟೂ ದೊಡ್ಡದಿರಲಿಲ್ಲ. ಗಂಟಲ ಚೀಲ ಬೆಳ್ಳಗೆ ಉಬ್ಬಿತು. ಕೂಗಿತೆಂದು ಕಾಣುತ್ತದೆ, ಮೊರೆತದಲ್ಲಿ ನಮಗೆ ಕೇಳಲಿಲ್ಲ. ಆಮೇಲೆ ಅದು ಒಂದು ಹಿಂಗಾಲನ್ನು ಮೆಲ್ಲನೆ ಮೇಲೆತ್ತಿ ಹಿಂದಕ್ಕೆ ಪೂರ್ತಿ ಚಾಚಿತು. ಬೆರಳುಗಳ ನಡುವಿನ ಪೊರೆ ಕೊಡೆಯಂತೆ ಬಿಚ್ಚಿಕೊಂಡಿತು. ಒಂದು ಕ್ಷಣ ಹಾಗೇ ಹಿಡಿದು, ಮಡಿಚಿ, ಕಾಲನ್ನು ಜಾಗಕ್ಕೆ ತಂದಿತು. ಮತ್ತೆ ಇನ್ನೊಂದು ಕಾಲು. ಆಚೆಯ ಬಂಡೆಯಿಂದ ಇನ್ನೊಂದು ಕಪ್ಪೆ ಅದಕ್ಕೆ ತನ್ನ ಕಾಲು ಚಾಚಿ ಉತ್ತರ ಕೊಟ್ಟಿತು.

ಇವು ಕುಣಿಯುವ ಕಪ್ಪೆಗಳು, ಮೈಕ್ರಿಕ್ಸಾಲಸ್ ಕುಲದವು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಈ ಕುಲದ ಒಂದು ಕಪ್ಪೆಗೆ ಚಾರ್ಮಾಡಿ ಘಟ್ಟದ ನೆತ್ತಿಯ ಕೊಟ್ಟಿಗೆಹಾರದ ಹೆಸರಿದೆ; 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ.ಆರ್. ನಾರಾಯಣ ರಾವ್. 2014ರಲ್ಲಿ ಎಸ್.ಡಿ. ಬಿಜು ಅವರ ತಂಡ ಇದೇ ಕುಲದ 14 ಹೊಸ ಜಾತಿಗಳನ್ನು ಒಟ್ಟಿಗೆ ಪ್ರಕಟಿಸಿತು. ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುವ ಜಾಗದಲ್ಲಿ ಬದುಕುವ ಈ ಗಂಡುಗಳು ಕೂಗಿನ ಜೊತೆಗೆ ಕಾಲಿನ ಸನ್ನೆಯನ್ನೂ ಸೇರಿಸಿಕೊಂಡಿವೆ. ಹೆಣ್ಣು ಹಿಂಗಾಲಿನಿಂದ ಹೊಳೆಯ ತಳ ಕೆದಕಿ ಮೊಟ್ಟೆಯಿಟ್ಟು, ಮರಳು ಹರಳು ಮುಚ್ಚುತ್ತದೆ. ಈ ಕುಲದ ಒಂದು ಜಾತಿಯ ಗೊದಮೊಟ್ಟೆಗಳು ಮರಳಿನೊಳಗೇ ಹೂತು ಬದುಕುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ಕಲ್ಲಿನ ಅಡಿಗೆ ಸಂಸಾರ ಇರ್ತದೆ ಎಂದ ಅಣ್ಣನ ಮಾತು ಅಕ್ಷರಶಃ ನಿಜ.

ಇವುಗಳ ಸಂಸಾರ ಶುರುವಾಗುವುದು ಮಳೆಗಾಲದ ಸೆಳವು ತಗ್ಗಿದ ಮೇಲೆ. ನೀರು ಇಳಿದು ಬಂಡೆಗಳು ತಲೆ ಹೊರಹಾಕಬೇಕು, ಆದರೆ ಒಣಗಬಾರದು. ಹೊಳೆಯ ತಳದಲ್ಲಿಟ್ಟ ಮೊಟ್ಟೆ ಒಡೆದು ಮರಿ ಬೆಳೆಯುವವರೆಗೆ ನೀರು ಹರಿಯುತ್ತಲೇ ಇರಬೇಕು. ಅಂದರೆ ಮೇಲಿನ ದರಕು, ಮೇಲಿನ ಜಡ್ಡಿ ಎರಡೂ ಸರಿಯಾಗಿದ್ದರೆ ಮಾತ್ರ ಈ ಬಂಡೆಯ ಮೇಲೆ ಕಾಲು ಚಾಚಿದ ಕಪ್ಪೆಯ ವಂಶ ಮುಂದುವರಿಯುತ್ತದೆ. ಟೀಚರ ಮಗಳು ಬಂಡೆಯೆದುರು ಕುಕ್ಕರುಗಾಲಲ್ಲಿ ಕೂತವಳು ಏಳಲೇ ಇಲ್ಲ. ತಂಡದ ಯಾರೂ ಅವಳನ್ನು ಅವಸರ ಮಾಡಲಿಲ್ಲ. ಏಳೆಂಟು ಜನ ಬೆರಳ ಗೆಣ್ಣಿನಷ್ಟಿರುವ ಒಂದು ಜೀವದ ಮುಂದೆ ಉಸಿರು ಬಿಗಿಹಿಡಿದು ಕೂರುವುದು ಸಾಧ್ಯ. ನೂರು ಜನ ಬಂದಿದ್ದರೆ ಆ ಬಂಡೆಯನ್ನು ಯಾರಾದರೂ ತುಳಿದೇ ಮುಂದೆ ಹೋಗಿರುತ್ತಿದ್ದರು.

ಜಲಪಾತ ಆ ತಿರುವಿನ ಆಚೆಗೇ ಇತ್ತು. ಮೂರು ಮೆಟ್ಟಿಲಾಗಿ ಇಳಿದು, ಹಸಿರು ಬಣ್ಣದ ಗುಂಡಿಯೊಂದಕ್ಕೆ ಬೀಳುತ್ತಿತ್ತು. ಗುಂಡಿಯ ಆಳ ಹೇಳಲು ಬಾರದು ಎಂದು ಅಣ್ಣ ಒಂದು ಕಲ್ಲಿನ ಗೆರೆ ತೋರಿಸಿ, ಅದರಿಂದ ಆಚೆ ಬೇಡ ಎಂದರು. ಈಚೆಯ ಮೊಣಕಾಲುದ್ದದ ನೀರಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಸಿಳ್ಳಾರ ಹಕ್ಕಿಯೊಂದು ಬಂಡೆಯ ಸಂದಿಯಿಂದ ಎದ್ದು ನೀರಿನ ಪರದೆಯ ಹಿಂದೆ ಹೋಯಿತು.

ಹೆಸರು ಬರೆಯಬೇಡಿ ಎಂದು ಊರಿನವರು ಏಕೆ ಕೇಳುತ್ತಾರೆಂದು ಅಲ್ಲಿ ಅಣ್ಣ ವಿವರಿಸಿದರು. ಹತ್ತಿರದ ಇನ್ನೊಂದು ಹಳ್ಳಿಯ ಜಲಪಾತದ ವಿಡಿಯೊ ಒಂದು ಮಳೆಗಾಲದಲ್ಲಿ ಮೊಬೈಲಿನಿಂದ ಮೊಬೈಲಿಗೆ ಓಡಿತಂತೆ. ಮುಂದಿನ ವಾರವೇ ಗದ್ದೆಯ ಹಾಳಿ ಮೇಲೆಲ್ಲ ಕಾರು. ಆ ಹಳ್ಳದ ನೀರನ್ನೇ ಕುಡಿಯುವ ಮನೆಗಳ ಮೇಲ್ಗಡೆ ಬಾಟಲಿ ಚೂರು. ಎರಡು ವರ್ಷದಲ್ಲಿ ಬಂಡೆ ಜಾರಿ ಬಿದ್ದ ಹುಡುಗರನ್ನು ಹೊತ್ತು ತಂದವರೂ ಊರಿನವರೇ. ಇದು ಒಂದು ಊರಿನ ಕತೆಯಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಅದರ ನಂತರ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಆಮೇಲೆ ಆನ್‌ಲೈನ್ ಮುಂಗಡ ಟಿಕೆಟು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ತಂದಿತು. ಬೇಕಿದ್ದ ಕೆಲಸ ಅದು. ದೊಡ್ಡ ಬೆಟ್ಟದ ದಾರಿಗೆ 300 ಸರಿಯಿರಬಹುದು. ಇಂಥ ಹಳ್ಳದ ದಾರಿಗೆ ಹತ್ತೇ ಹೆಚ್ಚು. ಇಲ್ಲಿಗೆಲ್ಲ ಇಲಾಖೆ ಬಂದು ಎಣಿಸಲಾರದು. ಎಣಿಸಿಕೊಳ್ಳಬೇಕಾದವರು ಹೋಗುವ ನಾವೇ.

ಆ ರಾತ್ರಿ ಜಗಲಿಯಲ್ಲಿ ಉಪ್ಪಾಗೆಯ ಮಾತು ಬಂತು. ಮಳೆಗಾಲದಲ್ಲಿ ಊರಿನವರು ಉಪ್ಪಾಗೆ ಹಣ್ಣು ಹೆಕ್ಕಿ ತಂದು ಸಿಪ್ಪೆಯನ್ನು ಬೆಂಕಿಯ ಶಾಖದಲ್ಲಿ ಒಣಗಿಸಿ ಮಾರುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಅದೇ ಹಣ್ಣಿಗಾಗಿ ಮರದ ಮೇಲೆ ಸಿಂಗಳೀಕವೂ ಕಾದಿರುತ್ತದೆ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಡಿಯಿಂದ ಕೊಡಿಗೆ ದಾರಿ ಕಡಿಯದೆ ಇದ್ದರಷ್ಟೇ ಅದಕ್ಕೆ ಬದುಕು. ಆ ಪ್ರಾಣಿಯ ನೆಲೆಗಳ ಉತ್ತರದ ತುದಿ ಈ ಕಾಡುಗಳೇ. ಅದಕ್ಕಾಗಿ 2011ರಲ್ಲಿ ಉಂಚಳ್ಳಿ, ಕತ್ತಲೆಕಾನಿನ ಸುತ್ತ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು, 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿತು. ಉಪ್ಪಾಗೆಯನ್ನು ಮರ ಹತ್ತಿ ಕೀಳಬಾರದು, ಕೊಂಬೆ ಕಡಿಯಬಾರದು, ಮಂಗನ ಪಾಲು ಮಂಗಕ್ಕೆ ಬಿಡಬೇಕು ಎಂದು ಮನೆಯ ಆಯಿ ಹೇಳಿದರು. ಮಲಗುವ ಮೊದಲು ಅಣ್ಣ ನಮ್ಮನ್ನು ಟಾರ್ಚು ಹಿಡಿದು ತೋಟದ ಕೆಳಗಿನ ಹಳ್ಳದವರೆಗೆ ಕರೆದೊಯ್ದರು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಕುಂಬಾರ ಕಪ್ಪೆ ಇಂಥ ಹಳ್ಳಗಳದ್ದೇ. ಅದರ ಗಂಡು ಹಳ್ಳದ ಕೆಸರನ್ನು ಕೈಯಲ್ಲಿ ತಂದು, ಮೊಟ್ಟೆಗಳ ಮೇಲೆ ಮೆತ್ತಿ ಅವು ಒಣಗದಂತೆ ಕಾಯುತ್ತದೆ. ಅದರ ಕಾಲ ಮುಗಿದಿತ್ತು, ನಮಗೆ ಸಿಗಲಿಲ್ಲ. ಹಳ್ಳವಂತೂ ಹರಿಯುತ್ತಿತ್ತು.

ಭಾನುವಾರ ಉಂಚಳ್ಳಿ. ಹೆಗ್ಗರಣೆಯ ಮೇಲಿಂದ ಹೋಗಿ, ಕಾಡಿನೊಳಗಿನ ಮೆಟ್ಟಿಲಿಳಿದು ಕಣಿವೆಯ ಅಂಚಿಗೆ ನಿಂತರೆ ಎದುರಿಗೆ 116 ಮೀಟರ್ ಎತ್ತರದಿಂದ ಅಘನಾಶಿನಿ ಬೀಳುತ್ತಾಳೆ. ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಸುತ್ತಲಿನವರು ಇದನ್ನು ಕೆಪ್ಪಜೋಗ ಎನ್ನುತ್ತಾರೆ. 1845ರ ಸುಮಾರಿಗೆ ಇಲ್ಲಿಗೆ ಬಂದ ಬ್ರಿಟಿಷ್ ಕಲೆಕ್ಟರ್ ಜೆ.ಡಿ. ಲಷಿಂಗ್ಟನ್ ಹೆಸರೂ ಇದಕ್ಕೆ ಬಹುಕಾಲ ಇತ್ತು. ಎದುರು ದಂಡೆಯ ಕಾಡು ಬುಡದಿಂದ ನೆತ್ತಿಯವರೆಗೆ ಎಲ್ಲೂ ಹರಿದಿಲ್ಲ. ಹಿಂದಿನ ದಿನ ನೋಡಿದ ದರಕು, ಜಡ್ಡಿ, ಹಳ್ಳ ಎಲ್ಲ ನೂರಾರು ಪಟ್ಟಾಗಿ ಆ ಹಸಿರಿನೊಳಗಿದೆ ಎಂದು ಈಗ ನಮಗೆ ಗೊತ್ತು. ಮಳೆಯಿಲ್ಲದ ಆಕಾಶದ ಕೆಳಗೆ ಧುಮುಕುತ್ತಿರುವ ಈ ನೀರು ಆ ಇಡೀ ಕಾಡಿನ ಉಳಿತಾಯ.

ಇಲ್ಲಿಂದ ಅಷ್ಟೇನೂ ದೂರವಿಲ್ಲದ ಜೋಗದಲ್ಲಿ ಶರಾವತಿ ಇದರ ಎರಡು ಪಟ್ಟಿಗೂ ಹೆಚ್ಚು, 253 ಮೀಟರ್ ಧುಮುಕುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದ ಮೇಲೆ ಅಲ್ಲಿ ಎಷ್ಟು ನೀರು ಬೀಳಬೇಕೆಂಬುದು ಬಹುಮಟ್ಟಿಗೆ ಮೇಲಿನ ಗೇಟುಗಳ ಕೈಯಲ್ಲಿದೆ. ಆ ವಿದ್ಯುತ್ತಿನಿಂದ ನಾಡಿಗೆ ಬೆಳಕು ಬಂತು, ಅದಕ್ಕಾಗಿ ಮುಳುಗಿದ ಊರುಗಳ ಜನ ಬೆಲೆ ತೆತ್ತರು. ಅಘನಾಶಿನಿಗೆ ಈವರೆಗೆ ದೊಡ್ಡ ಅಣೆಕಟ್ಟು ಬಂದಿಲ್ಲ. ಶಿರಸಿಯ ಶಂಕರಹೊಂಡದಿಂದ ಕಡಲಿನವರೆಗೆ ಆಕೆ ತನ್ನಿಷ್ಟದಂತೆ ಹರಿಯುತ್ತಾಳೆ. ಪಶ್ಚಿಮಕ್ಕೆ ಹರಿಯುವ ಹೊಳೆಗಳ ಮಾತು ಬಂದಾಗಲೆಲ್ಲ ‘ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ’ ಎಂಬ ವಾದ ಎದ್ದೇಳುತ್ತದೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ಹಿಂದೆ ಇರುವುದೂ ಇದೇ ಮಾತು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅದನ್ನು ಕಂಡು ಬೆಳೆದವನು ನಾನು. ಆದರೆ ‘ವ್ಯರ್ಥ’ ಎಂಬುದನ್ನು ಒಪ್ಪಲಾರೆ. ಉಂಚಳ್ಳಿಯಲ್ಲಿ ಬಿದ್ದ ನೀರು ಕೆಳಗೆ ಹೋಗಿ ತದಡಿಯ ಅಳಿವೆಯಲ್ಲಿ ಉಪ್ಪುನೀರಿನ ಜೊತೆ ಬೆರೆಯುತ್ತದೆ. ಆ ಬೆರೆತ ನೀರೇ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಸುತ್ತದೆ. ಅಲ್ಲಿಯ ಬಳಚು ಎಂಬ ಚಿಪ್ಪುಮೀನಿನ ಮೇಲೆ ಸಾವಿರಾರು ಮನೆಗಳ ಒಲೆ ಉರಿಯುತ್ತದೆ. ಕಾಂಡ್ಲಾ ಮರಗಳ ಬೇರಿನ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ. 2024ರ ಜನವರಿ ಕೊನೆಗೆ ಆ ಅಳಿವೆಗೆ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯ ಮಾನ್ಯತೆ ಸಿಕ್ಕಿದ್ದು ಈ ಕಾರಣಗಳಿಂದಲೇ. ಸಿಹಿನೀರು ಬರುವುದು ಕಡಿಮೆಯಾದರೆ ಉಪ್ಪು ಮೇಲಕ್ಕೆ ನುಗ್ಗುತ್ತದೆ, ಅಲ್ಲಿಗೆ ಆ ಬದುಕೆಲ್ಲ ಅಲುಗುತ್ತದೆ.

ಒಬ್ಬನೇ ಹೋದರೆ ಕಾಡು ಹೆಚ್ಚು ಸಿಗುತ್ತದೆ ಎಂಬ ಮಾತನ್ನು ಕೇಳಿದ್ದೇನೆ. ನನಗೆ ಹಾಗನ್ನಿಸಿಲ್ಲ. ಸರ್ ಇಲ್ಲದಿದ್ದರೆ ಬಾನಿಯ ನೀರು ನನಗೆ ಬರೀ ತಂಪು ನೀರು. ಆ ಹುಡುಗಿ ಇಲ್ಲದಿದ್ದರೆ ಕಪ್ಪೆ ಬರೀ ಬಂಡೆ. ಅಣ್ಣ ಇಲ್ಲದಿದ್ದರೆ ಜಡ್ಡಿ ಬರೀ ಕೆಸರು. ಒಬ್ಬರ ಕಣ್ಣಿಗೆ ಬಿದ್ದದ್ದು ಇನ್ನೊಬ್ಬರ ತಿಳಿವಿಗೆ ಸೇರಿ, ಸಂಜೆಯ ಹೊತ್ತಿಗೆ ಎಲ್ಲರ ಸ್ವತ್ತಾಗುವುದು ಒಟ್ಟಿಗೆ ನಡೆಯುವುದರ ನಿಜವಾದ ಲಾಭ. ಅದಕ್ಕೆ ತಂಡ ಚಿಕ್ಕದಿರಬೇಕು, ನಿಧಾನವಿರಬೇಕು, ಊರಿನವರೊಬ್ಬರು ಮುಂದಿರಬೇಕು. ಇಷ್ಟಿದ್ದರೆ ಮಲೆನಾಡಿನ ಯಾವ ಮೂಲೆಯ ಜಲಪಾತಕ್ಕೂ ಹೋಗಬಹುದು, ಅಲ್ಲಿಯ ಮನೆಗಳಿಗೆ ಭಾರವಾಗದೆ ಮರಳಬಹುದು. ಹೋಗುವುದಾದರೆ ಮಳೆ ನಿಂತ ಮೇಲೆ ಹೋಗಿ. ಜಲಪಾತದ ಬುಡದಲ್ಲಿ ಫೋಟೊ ತೆಗೆದಾದ ಮೇಲೆ ಒಂದು ಸಲ ಕತ್ತೆತ್ತಿ, ನೀರು ಬರುತ್ತಿರುವ ಕಡೆಯ ಕಾಡು ನೋಡಿ. ಅದು ಬೋಳಾಗುತ್ತಿದ್ದರೆ ಅದರ ಬಗ್ಗೆ ಊರಿನವರ ಜೊತೆ ಸೇರಿ ಮಾತಾಡಿ. ಅವರು ಒಂಟಿಯಾಗಿ ಎಷ್ಟೋ ವರ್ಷಗಳಿಂದ ಮಾತಾಡುತ್ತಿದ್ದಾರೆ.

ತಾಳಗುಪ್ಪದ ಪ್ಲಾಟ್‌ಫಾರಮ್ಮಿನಲ್ಲಿ ರೈಲಿಗೆ ಕಾಯುತ್ತ ಮುಂದಿನ ವಾರಾಂತ್ಯದ ಮಾತು ಬಂತು. ಬ್ಯಾಂಕಿನವರು ಇನ್ನೊಂದು ಜಲಪಾತದ ಹೆಸರು ಹೇಳಿದರು. ಸರ್ ಬೇಡವೆಂದರು. ಈ ನೀರಿನ ಮೂಲ ನೋಡಿದ್ದಾಯಿತು, ಬೀಳುವುದನ್ನೂ ನೋಡಿದ್ದಾಯಿತು, ಇನ್ನು ಅದು ಹೋಗಿ ಮಾಡುವ ಕೆಲಸ ನೋಡಬೇಕು ಎಂದರು. ಎಲ್ಲರೂ ಒಪ್ಪಿದೆವು. ಮುಂದಿನ ಸಲ ನಮ್ಮ ತಂಡ ಹೋಗುವುದು ಅಘನಾಶಿನಿಯ ಅಳಿವೆಗೆ, ಕಡಲಿನ ಇಳಿತದ ಹೊತ್ತಿಗೆ ಸರಿಯಾಗಿ, ಮೊಣಕಾಲು ನೀರಿನಲ್ಲಿ ನಿಂತು ಬಳಚು ಹೆಕ್ಕುವವರನ್ನು ಕಂಡು ಮಾತಾಡಿಸಲಿಕ್ಕೆ.